ಸಹಾಯ ಬೇಕು: ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಮಾಡಿಸದೆ ನಿಗಾದಲ್ಲಿ ಇರುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಕಾಪುವಿನವರು. ದೊಡ್ಡಪ್ಪನಿಗೆ 68 ವರ್ಷ. ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಬಂದಿದೆ. ಪಿಎಸ್‌ಎ (ಪ್ರಾಸ್ಟೇಟ್‌ಗೆ ಮಾಡುವ ರಕ್ತಪರೀಕ್ಷೆ) 7, ಗ್ಲೀಸನ್ (ಕ್ಯಾನ್ಸರ್ ಎಷ್ಟು ಜೋರಿನದ್ದು ಅಂತ ಬಯಾಪ್ಸಿ ನೋಡಿ ಕೊಡುವ ಅಂಕ) 6, ಅಂದರೆ ಕಡಿಮೆ ಜೋರಿನದ್ದು, ಹೊರಗೆ ಹರಡಿಲ್ಲ. ಮನೆಯಲ್ಲಿ ಎಲ್ಲರೂ "ಬೇಗ ತೆಗೆಸಿಬಿಡಿ" ಅಂತಾರೆ, ಡಾಕ್ಟರು ಆಗಾಗ ಪರೀಕ್ಷೆ ಮಾಡಿಸುತ್ತಾ ನಿಗಾ ಇಟ್ಟು ಕಾಯಬಹುದು ಅಂದಿದ್ದಾರೆ.

ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದ 2023ರ ವರದಿ ಓದಿದೆ. 1,643 ಗಂಡಸರು, 15 ವರ್ಷ. ಆಪರೇಷನ್, ರೇಡಿಯೇಷನ್, ಬರೀ ನಿಗಾ, ಮೂರರಲ್ಲೂ ಈ ಕ್ಯಾನ್ಸರಿನಿಂದ ತೀರಿಕೊಂಡವರು ನೂರಕ್ಕೆ ಸುಮಾರು 2-3 ಮಾತ್ರ. ಆದರೆ ನಿಗಾದಲ್ಲಿದ್ದವರಿಗೆ ಹರಡಿದ್ದು ಜಾಸ್ತಿ, ನಮಗೆ ಹೆದರಿಕೆ ಇರುವುದು ಅದೇ. ಆಪರೇಷನ್ ಆದರೆ ಮೂತ್ರ ಸೋರುವ ತೊಂದರೆ ಬರಬಹುದು. ದಿನಾ ದೇವಸ್ಥಾನಕ್ಕೆ ಹೋಗುವ ದೊಡ್ಡಪ್ಪನಿಗೆ ಅದು ತುಂಬಾ ಕಷ್ಟ.

ಮಂಗಳೂರು, ಮಣಿಪಾಲದಲ್ಲಿ ಹೀಗೆ ನಿಗಾದಲ್ಲಿರುವವರು ನಿಮ್ಮ ಮನೆಯಲ್ಲಿ ಇದ್ದಾರಾ? ಪಿಎಸ್‌ಎ, ಎಂಆರ್‌ಐ ಎಷ್ಟು ತಿಂಗಳಿಗೊಮ್ಮೆ ಮಾಡಿಸ್ತೀರಿ? ಪುನಃ ಬಯಾಪ್ಸಿ ಹೇಳಿದ್ರಾ? ಮುಂದಿನ ವಾರ ಡಾಕ್ಟರ ಹತ್ರ ಹೋಗ್ಲಿಕ್ಕುಂಟು, ಅದರೊಳಗೆ ದಯವಿಟ್ಟು ತಿಳಿಸಿ.