ಮಾತ್ರೆ ತಗೊಂಡ್ರೆ ಜ್ವರ ಇಳಿಯುತ್ತೆ, ಶನಿವಾರ ಶಿರಾಡಿ ಘಾಟಲ್ಲಿ ಕಾರ್ ಓಡಿಸಬಹುದಾ?

ಉಪ್ಪಿನಂಗಡಿ ಮೊಮ್ಮಗಳು (ಗುರುವಾರ ರಾತ್ರಿ 9:40)

ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟಾಗಿ ಸಲಹೆ ಬೇಕಿತ್ತು. ಮಂಗಳವಾರ ರಾತ್ರಿ ಶುರುವಾದ ಜ್ವರ, ಬುಧವಾರ ಪೂರ್ತಿ 102, ಮೈಕೈ ನೋವು ಅಂದ್ರೆ ಮಗ್ಗುಲು ಬದಲಾಯಿಸೋಕೂ ಆಗ್ತಿರ್ಲಿಲ್ಲ, ಜೊತೆಗೆ ಮೂಗು ಸೋರೋದು. ಇವತ್ತು ಪ್ಯಾರಸಿಟಮಾಲ್ 650 ತಗೊಂಡ್ರೆ ಇಳಿಯುತ್ತೆ, ಒಂದೈದು ಗಂಟೆ ಪರವಾಗಿಲ್ಲ, ಆಮೇಲೆ ಮತ್ತೆ ಚಳಿ ಶುರು. ಪಕ್ಕದ ಮೆಡಿಕಲ್ ಶಾಪಲ್ಲಿ ಶೀತಕ್ಕೆ ಅಂತ ಇನ್ನೊಂದು ಮಾತ್ರೆ ಕೊಟ್ಟಿದ್ದಾರೆ, ಅದನ್ನೂ ರಾತ್ರಿ ಹೊತ್ತು ತಗೊಳ್ತಿದ್ದೀನಿ.

ವಿಷಯ ಏನಂದ್ರೆ ಭಾನುವಾರ ನಮ್ಮಜ್ಜನ ಮೊದಲನೇ ವರ್ಷದ ತಿಥಿ, ಉಪ್ಪಿನಂಗಡಿ ಹತ್ರ ಅಮ್ಮನ ತವರುಮನೇಲಿ. ಶನಿವಾರ ಬೆಳಿಗ್ಗೆ 4ಕ್ಕೆ ಬೆಂಗಳೂರು ಬಿಡೋದು, ನೆಲಮಂಗಲ, ಕುಣಿಗಲ್, ಹಾಸನ, ಸಕಲೇಶಪುರ, ಶಿರಾಡಿ ಇಳಿದು ಹೋಗೋದು ಅಂತ ತಿಂಗಳ ಹಿಂದೇನೇ ಫಿಕ್ಸ್ ಆಗಿತ್ತು, ಹತ್ರ ಹತ್ರ 300 ಕಿಲೋಮೀಟರ್. ಕಾರಲ್ಲಿ ಅಮ್ಮ, ಅಪ್ಪ, ನಾನು, ನನ್ನ ಮಗಳು. ನಮ್ಮ ಮನೆಯವರು ಊರಲ್ಲಿಲ್ಲ. ಅಪ್ಪಂಗೆ 67, ಹತ್ತು ವರ್ಷದಿಂದ ಶುಗರ್ ಇದೆ, ಅರ್ಧ ದಾರಿ ನಾನು ಓಡಿಸ್ತೀನಿ ಬಿಡು ಅಂತಾರೆ. ಅಮ್ಮ ಬಾಯಿ ಬಿಟ್ಟು ಏನೂ ಹೇಳ್ತಿಲ್ಲ, ಆದ್ರೆ ಅಜ್ಜನಿಗೆ ಇಷ್ಟ ಅಂತ ಇಲ್ಲಿಂದ ತಗೊಂಡು ಹೋಗೋ ಸಾಮಾನೆಲ್ಲ ನಿನ್ನೆನೇ ಕಟ್ಟಿಟ್ಟಿದ್ದಾರೆ, ಅದು ನೋಡಿದ್ರೆ ನಂಗೆ ಆಗಲ್ಲ ಅನ್ನೋಕೆ ಬಾಯಿ ಬರಲ್ಲ.

ಇವತ್ತು ಸಂಜೆ ಟ್ರಯಲ್ ನೋಡೋಣ ಅಂತಲೇ ಕಾರ್ ತೆಗೆದು ಮಗಳನ್ನ ಟ್ಯೂಷನ್ನಿಂದ ಕರ್ಕೊಂಡು ಬಂದೆ, ಬರೀ ಎರಡು ಕಿಲೋಮೀಟರ್. ಜ್ವರ ಇರ್ಲಿಲ್ಲ, ಚೆನ್ನಾಗೇ ಓಡಿಸಿದೆ ಅನ್ಸುತ್ತೆ. ಒಂದು ಕಡೆ ಮಾತ್ರ ಸಿಗ್ನಲ್ ಹಸಿರಾಗಿದ್ದು ನಂಗೆ ಕಾಣಿಸ್ತಿತ್ತು, ಕಾಣಿಸ್ತಾನೇ ಇತ್ತು, ಆದ್ರೆ ಕಾಲು ಕ್ಲಚ್ ಬಿಡ್ಲೇ ಇಲ್ಲ, ಮಗಳು ಅಮ್ಮಾ ಗ್ರೀನ್ ಅಂದ ಮೇಲೆ ಗಾಡಿ ಮುಂದಕ್ಕೆ ಹೋಯ್ತು. ಇದು ದೊಡ್ಡ ವಿಷಯಾನಾ? ಶನಿವಾರಕ್ಕೆ ಇನ್ನೂ ಒಂದು ದಿನ ರೆಸ್ಟ್ ಸಿಗುತ್ತೆ. ಇಂಥಾ ಪರಿಸ್ಥಿತೀಲಿ ಹೋಗೋದಾ ಬೇಡ್ವಾ ಅಂತ ನೀವೆಲ್ಲ ಹೇಗೆ ಡಿಸೈಡ್ ಮಾಡ್ತೀರಾ, ದಯವಿಟ್ಟು ಅನುಭವ ಇರೋರು ಹೇಳಿ.

ಮಲೆನಾಡ್ ಸ್ಟೇರಿಂಗ್ (ಗುರುವಾರ ರಾತ್ರಿ 10:25)

ತಂಗಿ, ನಾನು 31 ವರ್ಷ ಬಸ್ ಓಡಿಸಿ ರಿಟೈರ್ ಆದವನು, ಅದ್ರಲ್ಲಿ ಜಾಸ್ತಿ ಘಾಟಿ ರೂಟೇ. ಸಿಗ್ನಲ್ ವಿಷಯ ಕೊನೇಲಿ ಬರೆದಿದ್ದೀರಿ, ನನ್ನ ಕೇಳಿದ್ರೆ ಅದನ್ನೇ ಮೊದಲು ಬರೀಬೇಕಿತ್ತು. ಕಣ್ಣು ಕಂಡಿದೆ, ಕಾಲಿಗೆ ಸುದ್ದಿ ಲೇಟಾಗಿ ಮುಟ್ಟಿದೆ. ಸಿಗ್ನಲ್ಲಲ್ಲಿ ಗಾಡಿ ನಿಂತಿತ್ತು, ಹಾಗಾಗಿ ಏನೂ ಆಗ್ಲಿಲ್ಲ. ಅದೇ ಹಾಸನ ರೋಡಲ್ಲಿ 80ರಲ್ಲಿ ಹೋಗ್ತಿದ್ರೆ ಒಂದು ಸೆಕೆಂಡಿಗೆ 22 ಮೀಟರ್ ಹೋಗಿರುತ್ತೆ ಗಾಡಿ, ನಾನು ಓಡಿಸ್ತಿದ್ದಂಥ ಎರಡು ಬಸ್ಸು ಒಂದರ ಹಿಂದೆ ಒಂದು ನಿಲ್ಲಿಸಿದ್ರೆ ಎಷ್ಟೋ ಅಷ್ಟು ಉದ್ದ.

ನಂದೇ ಒಂದು ಹೇಳ್ತೀನಿ. ಮಳೆಗಾಲ, ಚಾರ್ಮಾಡಿ ರೂಟು, ನಂಗೆ ಎರಡು ದಿನದಿಂದ ಜ್ವರ, ರಜೆ ಕೇಳಿದ್ರೆ ಬದಲಿ ಡ್ರೈವರ್ ಇಲ್ಲ ಇವತ್ತೊಂದಿನ ಹೋಗಿ ಬಾ ಅಂದ್ರು. ಮಾತ್ರೆ ನುಂಗಿ ಹೊರಟೆ. ಕೊಟ್ಟಿಗೆಹಾರದಲ್ಲಿ ಬಿಸಿ ಕಾಫಿ ಕುಡಿದೆ, ಮೈ ಬೆವರಿತು, ಹಗುರ ಆಯ್ತು, ಸರಿ ಹೋಯ್ತು ಅಂದ್ಕೊಂಡೆ. ನಾಲ್ಕನೇ ತಿರುವೋ ಐದನೇ ತಿರುವೋ, ಎದುರಿಗೆ ಲಾರಿ ಬರ್ತಾ ಇದೆ, ನಾನು ಡಿಮ್ ಮಾಡಿಲ್ಲ, ಹಾರ್ನೂ ಮಾಡಿಲ್ಲ, ಗಾಡಿ ಎಡಕ್ಕೂ ತಗೊಂಡಿಲ್ಲ. ಕಂಡಕ್ಟರ್ ಹಿಂದಿನಿಂದ ಬಂದು ನನ್ನ ಭುಜ ಹಿಡಿದು ಅಣ್ಣಾ ಅಂತ ಕೂಗಿದ. ಲಾರಿಯವನು ಅವನಾಗೇ ನಿಲ್ಲಿಸಿದ್ದ, ಅದಕ್ಕೆ ನಾನಿವತ್ತು ಇದನ್ನ ಟೈಪ್ ಮಾಡ್ತಾ ಇದ್ದೀನಿ. ನಾನು ನಿದ್ದೆ ಮಾಡಿರ್ಲಿಲ್ಲ ತಂಗಿ, ಕಣ್ಣು ಬಿಟ್ಕೊಂಡೇ ಇದ್ದೆ, ಲಾರಿ ನೋಡಿದ್ದೂ ನೆನಪಿದೆ. ನಲವತ್ತು ಚಿಲ್ಲರೆ ಜನ ಇದ್ರು ಬಸ್ಸಲ್ಲಿ. ಅವತ್ತಿನಿಂದ ಹುಷಾರಿಲ್ಲ ಅಂದ್ರೆ ಇಲ್ಲ, ಏನ್ ಮೆಮೋ ಕೊಡ್ತಾರೋ ಕೊಡ್ಲಿ ಅಂತ ಸ್ಟೇರಿಂಗ್ ಮುಟ್ತಿರ್ಲಿಲ್ಲ.

ನಾನು ಮಾಡ್ತಿದ್ದ ಪರೀಕ್ಷೆ ಹೇಳ್ತೀನಿ. ಮಾತ್ರೆ ತಗೊಳ್ಳೋಕೆ ಮುಂಚೆ, ಅಂದ್ರೆ ಹಿಂದಿನ ಡೋಸಿನ ಪವರ್ ಪೂರ್ತಿ ಇಳಿದಾಗ, ನಿಂತಿರೋ ಗಾಡೀಲಿ ಕೂತು ಬ್ರೇಕ್ ಜೋರಾಗಿ ಒತ್ತಿ ಹತ್ತು ಎಣಿಸೋವರೆಗೂ ಹಿಡೀರಿ, ಕ್ಲಚ್ ಇಪ್ಪತ್ತು ಸಲ ಒತ್ತಿ ಬಿಡಿ, ಕತ್ತು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ. ಕಾಲು ನಡುಗಿದ್ರೆ, ತಲೆ ತಿರುಗಿದ್ರೆ, ಕತ್ತು ತಿರುಗಿಸೋ ಬದಲು ಕಣ್ಣು ಮಾತ್ರ ತಿರುಗಿಸ್ತಿದ್ರೆ ಇಳಿದು ಮನೆ ಒಳಗೆ ಹೋಗಿ. ಇದು ಪಾಸಾದ್ರೂ ಶಿರಾಡಿಗೆ ಲೈಸೆನ್ಸ್ ಸಿಕ್ತು ಅಂತಲ್ಲ, ಫೇಲಾದ್ರೆ ಮಾತ್ರ ಯೋಚನೆ ಮಾಡೋ ಪ್ರಶ್ನೇನೇ ಇಲ್ಲ.

ಆಮೇಲೆ ಈ ತೀರ್ಮಾನ ಇವತ್ತೋ ನಾಳೆ ಸಂಜೆ ಒಳಗೋ ಆಗ್ಲಿ. ಬೆಳಿಗ್ಗೆ ನಾಲ್ಕಕ್ಕೆ ಎಲ್ರೂ ಸ್ನಾನ ಮಾಡಿ ಬ್ಯಾಗ್ ಡಿಕ್ಕಿಗೆ ಹಾಕಿ ನಿಂತಿರುವಾಗ ಯಾರ ಬಾಯಲ್ಲೂ ಬೇಡ ಅಂತ ಬರಲ್ಲ.

ಧಾರವಾಡ ಮೆಡಿಕಲ್ (ಗುರುವಾರ ರಾತ್ರಿ 11:05)

ಅಕ್ಕಾರ, ನಂದು ಫಾರ್ಮಸಿ ಓದು ಆಗೇತಿ, ಸ್ವಂತ ಅಂಗಡಿ ಐತಿ. ಮೊದಲ ಆ ಶೀತದ ಮಾತ್ರಿ ಸ್ಟ್ರಿಪ್ ತಿರುವಿ ಹಿಂದ ಸಣ್ಣ ಅಕ್ಷರದಾಗ ಏನ್ ಬರದೈತಿ ಓದ್ರಿ. ಕ್ಲೋರ್‌ಫೆನಿರಮಿನ್ ಅಂತ ಇರಬೇಕು, ನಮ್ಮ ಕಡೆ ಮಾರೋ ಶೀತದ ಮಾತ್ರಿ ಭಾಳಷ್ಟರಾಗ ಅದ ಇರೋದು, ಜೋಡಿ ಪ್ಯಾರಸಿಟಮಾಲೂ ಇರತೈತಿ. ಅಂದ್ರ ನೀವು 650 ಬ್ಯಾರೆ, ಇದರಾಗಿಂದು ಬ್ಯಾರೆ ಅಂತ ಗೊತ್ತಿಲ್ಲದನ ಡಬಲ್ ತಗೊಳಾಕ್ಹತ್ತಿರಬಹುದು, ಅದನ್ನ ಡಾಕ್ಟರಿಗೆ ಹೇಳ್ರಿ.

ಕ್ಲೋರ್‌ಫೆನಿರಮಿನ್ ನಿದ್ದಿ ಬರಸತೈತಿ ಅನ್ನೋದು ಎಲ್ಲಾರಿಗೂ ಗೊತ್ತು, ಎಷ್ಟೊತ್ತು ಅನ್ನೋದು ಗೊತ್ತಿಲ್ಲ. ದೊಡ್ಡೋರ ಮೈಯಾಗ ಅದು ಅರ್ಧ ಕಡಿಮಿ ಆಗಾಕ ಸುಮಾರು 20 ತಾಸು ಬೇಕು. ಶುಕ್ರವಾರ ರಾತ್ರಿ 10ಕ್ಕ ನುಂಗಿದ್ರ ಶನಿವಾರ ಮುಂಜಾನೆ ನೀವು ಕಾರ್ ಚಾಲೂ ಮಾಡೂ ಮುಂದ ಅರ್ಧಕ್ಕಿಂತ ಜಾಸ್ತಿ ಇನ್ನೂ ರಕ್ತದಾಗ ಇರತೈತಿ. ನಿದ್ದಿ ಬಂದಂಗ ಅನಸದಿದ್ರೂ ಕೈಕಾಲು ನಿಧಾನ ಆಗಿರತಾವ. ಸೆಟ್ರಿಜಿನ್ ಇದಕ್ಕಿಂತ ಕಡಿಮಿ, ಆದ್ರ ಅದೂ ಕೆಲವರಿಗೆ ಜೋರ್ ಮಂಪರು ತರತೈತಿ. ಫೆಕ್ಸೊಫೆನಡಿನ್‌ಗೆ ಮಂಪರು ಕಡಿಮಿ, ನಿಮಗ ಹೊಂದತೈತೋ ಇಲ್ಲೋ ಡಾಕ್ಟರ್ ಕೇಳ್ರಿ. ಮತ್ತ ಘಾಟ್ ಐತಿ ಅಂತ ವಾಂತಿ ಮಾತ್ರಿ ತಗೊಳೋ ರೂಢಿ ಇದ್ರ, ಅವೂ ಭಾಳಷ್ಟು ಮಂಪರಿನವ, ಇದರ ಮ್ಯಾಲೆ ಅದು ಬಿದ್ರ ಮುಗೀತು. ಕೂತು ಹೋಗೋರು ತಗೊಳ್ಳಿ, ಗಾಡಿ ನಡಸೋರು ಬ್ಯಾಡ್ರಿ. ಕೆಲವು ಕೆಮ್ಮಿನ ಸಿರಪ್ಪೂ ಹಂಗ.

ಈಗ ಇನ್ನೊಂದು, ಇದು ಗಾಡಿಗಿಂತ ದೊಡ್ಡದು. ಮಳಿಗಾಲದಾಗ ಒಮ್ಮೆಲೆ 102 ಜ್ವರ, ಮೈಕೈ ಮುರದಂಗ ನೋವು ಅಂದ್ರ ಡೆಂಗಿ ಇರಬಹುದು ಅನ್ನೋದು ತಲ್ಯಾಗ ಇರ್ಲಿ. ಡೆಂಗಿಯೊಳಗ ಜ್ವರ ಬಿಟ್ಟ ಮ್ಯಾಲೆನ ಖರೇ ಅಪಾಯ ಶುರು ಆಗೋದು, ಮೂರರಿಂದ ಏಳನೇ ದಿನದ ನಡುವ. ಜ್ವರ ಹೋತು ಅಂತ ಮಂದಿ ಎದ್ದು ಕೆಲಸಕ್ಕ ಹೊಂಟಬಿಡತಾರ, ಆವಾಗ ಬಿಪಿ ಇಳದು ತಲಿ ತಿರುಗಿ ಬೀಳತಾರ. ನಿಮ್ಮ ಶನಿವಾರ ಲೆಕ್ಕ ಹಾಕಿ ನೋಡ್ರಿ, ಸರಿಯಾಗಿ ಅದರಾಗ ಬರತೈತಿ. ನಾಳೆ ಡಾಕ್ಟರ್ ಕಡೆ ಹೋಗಿ ಸಿಬಿಸಿ (ರಕ್ತದ ಕಣ ಎಣಿಸೋ ಟೆಸ್ಟ್) ಮತ್ತ ಎನ್‌ಎಸ್1 (ಡೆಂಗಿ ಟೆಸ್ಟ್) ಮಾಡಿಸ್ರಿ. ರಿಪೋರ್ಟ್ ಬರೂ ತನ ಪ್ಯಾರಸಿಟಮಾಲ್ ಬಿಟ್ಟು ಬ್ಯಾರೆ ನೋವಿನ ಮಾತ್ರಿ, ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬ್ಯಾಡ್ರಿ. ಹೊಟ್ಟಿನೋವು, ಬಿಡದ ವಾಂತಿ, ಒಸಡಿನ್ಯಾಗ ರಕ್ತ ಕಂಡ್ರ ಸೀದಾ ದವಾಖಾನಿಗೆ, ಅದೂ ನೀವ ಗಾಡಿ ನಡಸಕೊಂಡು ಅಲ್ಲ, 108ಕ್ಕ ಫೋನ್ ಹಚ್ರಿ.

ಹೈವೇ ಹುಡುಗ (ಶುಕ್ರವಾರ ಬೆಳಿಗ್ಗೆ 7:10)

ಎಲ್ಲಾ ಸರಿ, ಆದ್ರೆ ಇಷ್ಟೊಂದು ಹೆದರಿಸಬೇಕಾ ಅಂತ ನಂಗೆ ಅನಿಸ್ತಿದೆ. ನಾನು ಸೇಲ್ಸ್‌ನಲ್ಲಿ ಇರೋದು, ತಿಂಗಳಿಗೆ ಮೂರು ನಾಲ್ಕು ಸಾವಿರ ಕಿಲೋಮೀಟರ್ ಓಡಿಸ್ತೀನಿ, ಶೀತ ಜ್ವರ ಎಲ್ಲಾ ಇದ್ದಾಗ್ಲೂ ಹೋಗಿದ್ದೀನಿ, ಪ್ರತೀ ಸಲ ಮನೇಲಿ ಮಲಗಿದ್ರೆ ಕೆಲಸ ಉಳಿಯಲ್ಲ. ಬರೀ ಮೂಗು ಕಟ್ಟಿದೆ, ಗಂಟಲು ಕೆರೀತಿದೆ, ಊಟ ನಿದ್ದೆ ಸರಿ ಇದೆ ಅಂದ್ರೆ ಹಗಲು ಹೊತ್ತಲ್ಲಿ ಗಂಟೆಗೊಂದು ಸಲ ನಿಲ್ಲಿಸ್ಕೊಂಡು ಹೋಗಬಹುದು. ಆದ್ರೆ 4 ಗಂಟೆಗೆ ಎದ್ದು ಹೋಗೋದು ಮಾತ್ರ ನಾನೂ ಬೇಡ ಅಂತೀನಿ, ಆ ಹೊತ್ತಿಗೆ ಚೆನ್ನಾಗಿರೋರಿಗೇ ಕಣ್ಣು ಎಳೆಯುತ್ತೆ. ಆಕ್ಟಿಂಗ್ ಡ್ರೈವರ್ ಯಾರಾದ್ರೂ ಸಿಗ್ತಾರಾ ನೋಡಿ, ನಿಮ್ಮ ಕಾರೇ, ಅವರು ಓಡಿಸ್ತಾರೆ, ಬಾಟಾ ಕೊಟ್ರೆ ಆಯ್ತು. ಘಾಟ್ ಓಡಿಸಿ ಅಭ್ಯಾಸ ಇರೋರನ್ನೇ ಕೇಳಿ.

ಶಿವಮೊಗ್ಗ ಸುಮ (ಶುಕ್ರವಾರ ಬೆಳಿಗ್ಗೆ 8:30)

ಎಲ್ರೂ ಅಕ್ಕನ ಜ್ವರದ ಬಗ್ಗೆನೇ ಹೇಳಿದ್ರಿ, ಅಪ್ಪ ಅರ್ಧ ದಾರಿ ಓಡಿಸ್ತೀನಿ ಅಂದಿದ್ದನ್ನ ಯಾರೂ ಗಮನಿಸ್ಲಿಲ್ಲ. ನಮ್ಮಪ್ಪಂಗೂ ಶುಗರ್. ಹೋದ ವರ್ಷ ಬೆಳಿಗ್ಗೆ ಮಾತ್ರೆ ತಗೊಂಡು, ತಿಂಡಿ ದಾರೀಲಿ ತಿಂದ್ರಾಯ್ತು ಅಂತ ಕಾರ್ ತೆಗೆದ್ರು. ಪಕ್ಕದ ಸೀಟಲ್ಲಿ ನಾನೇ ಇದ್ದೆ. ಮೊದಲು ಮಾತು ನಿಲ್ತು, ಆಮೇಲೆ ಇಂಡಿಕೇಟರ್ ಹಾಕಿದ್ದು ಹಾಗೇ ಟಿಕ್ ಟಿಕ್ ಅಂತಾನೇ ಇದೆ, ಅಪ್ಪ ಆಫ್ ಮಾಡ್ತಿಲ್ಲ, ನೋಡಿದ್ರೆ ಹಣೆ ತುಂಬಾ ಬೆವರು, ಏಸಿ ಇದ್ರೂ. ನಿಲ್ಸಿ ಅಪ್ಪ ಅಂದ್ರೆ ನಂಗೇ ರೇಗಿದ್ರು, ಯಾವತ್ತೂ ರೇಗದ ಮನುಷ್ಯ. ನಾನೇ ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಎಳೆದು ಸೈಡಿಗೆ ತಂದೆ, ಚೆಕ್ ಮಾಡಿದ್ರೆ 54. ಬ್ಯಾಗಲ್ಲಿದ್ದ ಜ್ಯೂಸ್ ಕುಡಿಸಿದೆ.

ಶುಗರ್ 70ಕ್ಕಿಂತ ಕೆಳಗೆ ಹೋದ್ರೆ ಲೋ ಅಂತ ಲೆಕ್ಕ, ಇನ್ಸುಲಿನ್ ಅಥವಾ ಶುಗರ್ ಲೋ ಮಾಡೋ ಮಾತ್ರೆ ತಗೊಳ್ಳೋರು ಸ್ಟೇರಿಂಗ್ ಹಿಡಿಯೋಕೆ ಮುಂಚೆ 90ರ ಮೇಲೆ ಇರಬೇಕು ಅಂತ ನಮ್ಮ ಡಾಕ್ಟರ್ ಆವಾಗ ಹೇಳಿದ್ರು, ಒಂದ್ಸಲ ಲೋ ಆದ್ರೆ ಶುಗರ್ ಮತ್ತೆ ಸರಿ ಆಗಿ ಮುಕ್ಕಾಲು ಗಂಟೆ ಆದ್ಮೇಲೇ ಓಡಿಸಬೇಕಂತೆ, ಯಾಕಂದ್ರೆ ಮೀಟರಲ್ಲಿ ನಂಬರ್ ಸರಿ ಆದ್ರೂ ತಲೆ ಸರಿ ಆಗೋಕೆ ಟೈಮ್ ಬೇಕು. ನಿಮ್ಮಪ್ಪನೂ ಬೆಳಿಗ್ಗೆ ನಾಲ್ಕಕ್ಕೆ ಸರಿಯಾಗಿ ತಿಂದು ಹೊರಡ್ತಾರಾ? ತಿಥಿ ಮನೆಗೆ ಹೋಗೋದು ಅಂತ ಉಪವಾಸ ಗಿಪವಾಸ ಬೇರೆ ಮಾಡ್ತಾರಾ? ಕೇಳಿ ಅಕ್ಕ. ದೊಡ್ಡೋರು ಮಕ್ಕಳಿಗೆ ಕಷ್ಟ ಆಗಬಾರ್ದು ಅಂತ ಹೇಳಿಬಿಡ್ತಾರೆ.

ಲಾ ಪಾಯಿಂಟ್ (ಶುಕ್ರವಾರ ಬೆಳಿಗ್ಗೆ 9:15)

ಒಂದು ಮಾತು ಸೇರಿಸ್ತೀನಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 186 ಇದಕ್ಕೇ ಇರೋದು, ತನ್ನ ಕಾಯಿಲೆಯಿಂದ ರಸ್ತೇಲಿ ಬೇರೆಯವರಿಗೆ ಅಪಾಯ ಅಂತ ಗೊತ್ತಿದ್ದೂ ಓಡಿಸಿದ್ರೆ ದಂಡ. ಮುಂಚೆ 200 ರೂಪಾಯಿ ಇತ್ತು, 2019ರ ತಿದ್ದುಪಡಿ ಆದ್ಮೇಲೆ ಮೊದಲ ಸಲಕ್ಕೆ 1000, ಮತ್ತೆ ಸಿಕ್ಕಿದ್ರೆ 2000ದವರೆಗೆ. ದಂಡ ದೊಡ್ಡದಲ್ಲ ನಿಜ, "ಗೊತ್ತಿದ್ದೂ" ಅನ್ನೋ ಪದ ನೋಡಿ. ಕುಡಿದವರಿಗೆ ಮೆಷಿನ್ ಇದೆ, ಜ್ವರ ಬಂದವರಿಗೆ ಯಾರೂ ದಾರೀಲಿ ನಿಲ್ಲಿಸಿ ಊದಿಸಲ್ಲ. ಅದು ನಮಗೇ ಗೊತ್ತಿರಬೇಕು.

ಉಪ್ಪಿನಂಗಡಿ ಮೊಮ್ಮಗಳು (ಭಾನುವಾರ ಮಧ್ಯಾಹ್ನ 2:20)

ಎಲ್ರಿಗೂ ತುಂಬಾ ಥ್ಯಾಂಕ್ಸ್, ಉತ್ತರ ಲೇಟಾಯ್ತು. ಸ್ಟ್ರಿಪ್ ಹಿಂದೆ ಓದಿದೆ, ಧಾರವಾಡದ ಅಣ್ಣ ಹೇಳಿದ್ದೇ ಇತ್ತು, ಪ್ಯಾರಸಿಟಮಾಲೂ ಸೇರಿ. ಶುಕ್ರವಾರ ಡಾಕ್ಟರ್ ಹತ್ರ ಹೋಗಿ ಟೆಸ್ಟ್ ಮಾಡಿಸಿದೆ, ಎನ್‌ಎಸ್1 ನೆಗೆಟಿವ್, ಪ್ಲೇಟ್‌ಲೆಟ್ 1.8 ಲಕ್ಷ, ವೈರಲ್ ಇರಬಹುದು, ಸೋಮವಾರ ಇನ್ನೊಂದ್ಸಲ ಸಿಬಿಸಿ ಮಾಡಿ ಅಂದ್ರು. ರಿಪೋರ್ಟ್ ನೋಡಿ ಅಪ್ಪ, ನೆಗೆಟಿವ್ ಅಲ್ವಾ, ಹಾಗಿದ್ರೆ ಹೊರಡೋಣ ಅಂದ್ರು. ನಿಜ ಹೇಳ್ತೀನಿ, ಒಂದು ನಿಮಿಷ ನಂಗೂ ಹೂಂ ಅನ್ನಬೇಕು ಅನಿಸ್ತು.

ಸಂಜೆ ಆರಕ್ಕೆ, ಮಾತ್ರೆ ತಗೊಳ್ಳೋ ಮುಂಚೆ, ಬೇಸ್‌ಮೆಂಟಿಗೆ ಹೋಗಿ ಕಾರಲ್ಲಿ ಕೂತು ಬ್ರೇಕ್ ಒತ್ತಿದೆ. ಆರು ಎಣಿಸೋ ಹೊತ್ತಿಗೆ ತೊಡೆ ನಡುಗ್ತಾ ಇತ್ತು. ಮೇಲೆ ಬಂದು ಅಮ್ಮಂಗೆ ಹೇಳಿದೆ. ಮೊದಲು ಏನೂ ಮಾತಾಡ್ಲಿಲ್ಲ, ಆಮೇಲೆ ಹಣೆ ಮುಟ್ಟಿ ನೋಡಿ, ನೀನು ಮಲಗು, ನಾವು ಬಸ್ಸಲ್ಲಿ ಹೋಗ್ತೀವಿ ಅಂದ್ರು. ಆಕ್ಟಿಂಗ್ ಡ್ರೈವರ್ ಇಬ್ಬರಿಗೆ ಫೋನ್ ಮಾಡಿದ್ದೆ, ವೀಕೆಂಡು ಯಾರೂ ಸಿಗ್ಲಿಲ್ಲ. ಶನಿವಾರ ಬೆಳಗಿನ ಬಸ್ಸಿಗೆ ಟಿಕೆಟ್ ಸಿಕ್ತು, ಅಪ್ಪಂಗೆ ಡಬ್ಬೀಲಿ ಇಡ್ಲಿ, ಬ್ಯಾಗಲ್ಲಿ ಗ್ಲೂಕೋಸ್, ಸುಮ ಅವರ ಮಾತು ಕೇಳಿ ಶುಗರ್ ಮೆಷಿನ್ನೂ ಹಾಕಿ ಕಳಿಸಿದೆ.

ಅವರನ್ನ ಕಳಿಸಿ ಮಲಗಿದವಳು ಹತ್ತೂವರೆಗೆ ಚಳಿ ಆಗಿ ಎದ್ದೆ, 101.4. ನಾಲ್ಕಕ್ಕೆ ಕಾರಲ್ಲಿ ಹೊರಟಿದ್ರೆ ಆ ಹೊತ್ತಿಗೆ ಸಕಲೇಶಪುರ ದಾಟಿ ಘಾಟ್ ಇಳೀತಾ ಇರ್ತಿದ್ವಿ. ಅಮ್ಮ ಸಂಜೆ ಫೋನ್ ಮಾಡಿದ್ರು, ಘಾಟಲ್ಲಿ ಮಳೆ ಅಂದ್ರೆ ಮಳೆ, ಮಾರನಹಳ್ಳಿ ಆದ್ಮೇಲೆ ಬಸ್ಸಿನ ಮುಂದೆ ರೋಡೇ ಕಾಣ್ತಿರ್ಲಿಲ್ಲ ಅಂದ್ರು. ಇವತ್ತು ತಿಥಿ ಚೆನ್ನಾಗಿ ಆಯ್ತಂತೆ, ಅಮ್ಮ ಈಗ ತಾನೇ ಫೋಟೋ ಕಳಿಸಿದ್ದಾರೆ, ಅಜ್ಜನ ಫೋಟೋ ಪಕ್ಕ ನಾವು ಕೊಡಬೇಕು ಅಂತಿದ್ದ ಡಬ್ಬಿ ಕೂಡ ಕಾಣ್ತಿದೆ. ನಂಗೆ ಇವತ್ತು ಮಾತ್ರೆ ಇಲ್ದೇ 99. ಮಗಳ ಟ್ಯೂಷನ್ನಿಗೆ ಈ ವಾರ ಪಕ್ಕದ ಮನೆ ಆಂಟಿ ಬಿಡ್ತೀನಿ ಅಂದಿದ್ದಾರೆ.