ಜಿಂಕೆ ಕೈಮಾ ಮತ್ತು ಸೀಸದ ಗುಂಡು: ಯಾವುದು ತಿನ್ನಬಹುದು, ಯಾವುದು ಬಿಸಾಡಬೇಕು?

ಮಿನ್ನೆಸೋಟ_ಮಂಡ್ಯ (ಪ್ರಶ್ನೆ)

ಫ್ರೀಜರಿನಲ್ಲಿ ವೈಟ್‌ಟೇಲ್ ಜಿಂಕೆಯ ಮಾಂಸ ಇದೆ. 12 ಪೌಂಡ್ ಕೈಮಾ, ಎರಡು ಬೆನ್ನಪಟ್ಟಿ, ಒಂದು ಇಡೀ ಹಿಂದೊಡೆ. ರೈಫಲ್ .308, ಗುಂಡು 150 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಮಾಮೂಲಿ ಸಾಫ್ಟ್ ಪಾಯಿಂಟ್, ಅಂದರೆ ಮೂತಿಯಲ್ಲಿ ಸೀಸ ತೆರೆದಿರುವಂಥದ್ದು. ಈಡು ಬಿದ್ದಿದ್ದು ಮುಂಭುಜಕ್ಕೆ, ಮೂಳೆ ಪುಡಿಯಾಗಿತ್ತು. ಕೈಮಾ ಮಾಡಿಸಿದ್ದು ಅಂಗಡಿಯಲ್ಲಿ. ಮನೆಯಲ್ಲಿ 4 ವರ್ಷದ ಮಗು ಇದೆ. ಗಾಯದ ಸುತ್ತ ಎರಡು ಇಂಚು ತೆಗೆದು ಚೆನ್ನಾಗಿ ತೊಳೆದರೆ ಸಾಕಾ? ಮುಂದಿನ ಬೇಟೆ ಸೀಸನ್ನಿಗೆ ತಾಮ್ರದ ಗುಂಡಿಗೆ ಬದಲಾದರೆ ಏನೇನು ಗಮನಿಸಬೇಕು?

ಕತ್ತಿಮಸೆ

ಎರಡು ಇಂಚು ಯಾವ ಮೂಲೆಗೂ ಸಾಲದು. ನಿಮ್ಮ ಮಿನ್ನೆಸೋಟ ರಾಜ್ಯದ ಡಿಎನ್‌ಆರ್ (ನೈಸರ್ಗಿಕ ಸಂಪನ್ಮೂಲ ಇಲಾಖೆ) 2008ರಲ್ಲಿ ಕುರಿಗಳ ಮೇಲೆ ಗುಂಡು ಹಾರಿಸಿ ಎಕ್ಸ್‌ರೇ ತೆಗೆದು ನೋಡಿತ್ತು. ಬೇಗ ಅರಳುವ ಸೀಸದ ಗುಂಡು ಒಂದೊಂದು ದೇಹದಲ್ಲಿ ಸರಾಸರಿ 141 ಚೂರು ಬಿಟ್ಟಿತ್ತು, ಕೆಲವು ಚೂರು ಗಾಯದಿಂದ ಒಂದಡಿಗೂ ಆಚೆ ಹೋಗಿದ್ದವು. ಶಾಟ್‌ಗನ್ ಸ್ಲಗ್‌ಗೆ (ಚರೆಯ ಬದಲು ಹಾರಿಸುವ ಒಂದೇ ದಪ್ಪ ಗುಂಡು) ಸರಾಸರಿ 28. ಸ್ಲಗ್ ನಿಧಾನವಾಗಿ ಹೋಗುತ್ತದೆ, ದಪ್ಪ ಇರುತ್ತದೆ, ಹಾಗಾಗಿ ಅಷ್ಟಾಗಿ ಒಡೆಯುವುದಿಲ್ಲ. ವೇಗದ ರೈಫಲ್ ಗುಂಡು ಮೂಳೆಗೆ ಬಡಿದರೆ ಆಗುವುದು ನಿಮ್ಮ ಕೇಸಿನಲ್ಲಿ ಆದದ್ದೇ. ಚೂರುಗಳಲ್ಲಿ ಬಹುಪಾಲು ಕಣ್ಣಿಗೆ ಕಾಣುವುದಿಲ್ಲ, ಹಲ್ಲಿಗೂ ಸಿಗುವುದಿಲ್ಲ. "ಕಚ್ಚಿದಾಗ ಏನೂ ಸಿಗಲಿಲ್ಲ, ಅಂದರೆ ಸೀಸ ಇಲ್ಲ" ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ.

ತೊಳೆಯುವುದು ಇನ್ನೂ ಕೆಟ್ಟ ಐಡಿಯಾ. ಗಾಯದ ಬಳಿ ಇದ್ದ ಸೀಸವನ್ನು ನೀರು ಬೇರೆ ಭಾಗಗಳಿಗೂ ಒಯ್ಯುತ್ತದೆ ಅಂತ ಅದೇ ಪರೀಕ್ಷೆಯಲ್ಲಿ ಕಂಡಿದೆ. ತೊಳೆಯಬೇಡಿ, ಕತ್ತರಿಸಿ ತೆಗೆಯಿರಿ. ಹೆಪ್ಪುಗಟ್ಟಿ ಕಪ್ಪಾದ ಮಾಂಸ, ಮೂಳೆಚೂರು, ಕೂದಲು ಅಂಟಿಕೊಂಡಿದ್ದು, ಗಾಯದ ದಾರಿಯ ಎರಡೂ ಕಡೆ ಉಳಿದದ್ದು ಎಲ್ಲಾ ಬಿಸಾಡಿ. ನಾಯಿಗೂ ಹಾಕಬೇಡಿ. ಆ ಭಾಗ ಕತ್ತರಿಸಿದ ಚಾಕು, ಹಲಗೆ ತೊಳೆದ ಮೇಲೆಯೇ ಬೇರೆ ಮಾಂಸ ಮುಟ್ಟಬೇಕು.

ನಿಮ್ಮ ಹಿಂದೊಡೆ ಗಾಯದಿಂದ ದೂರ, ಅದರ ಬಗ್ಗೆ ತಲೆಬಿಸಿ ಬೇಡ. ಬೆನ್ನಪಟ್ಟಿಯಲ್ಲಿ ಭುಜದ ಕಡೆಯ ತುದಿ ಕತ್ತರಿಸಿ ತೆಗೆಯಿರಿ, ಉಳಿದದ್ದು ದೊಡ್ಡವರು ತಿನ್ನಿ. ಸಮಸ್ಯೆ ಇರುವುದು ಕೈಮಾದಲ್ಲಿ. ಅಂಗಡಿಯವರು ಭುಜ, ಕುತ್ತಿಗೆ, ಪಕ್ಕೆಯ ತುಂಡುಗಳನ್ನೇ ಕೈಮಾಗೆ ಹಾಕುವುದು. ಒಂದು ಚೂರು ಮಷಿನ್ನಿಗೆ ಬಿದ್ದರೂ ಮುಂದಿನ ಪೊಟ್ಟಣಗಳಿಗೆಲ್ಲ ಹಂಚಿಕೆಯಾಗಬಹುದು. ಎಷ್ಟೋ ಕಡೆ ನಾಲ್ಕಾರು ಜನರ ಜಿಂಕೆ ಒಟ್ಟಿಗೇ ಅರೆಯುತ್ತಾರೆ, ಆಗ ನಿಮ್ಮ ಎಚ್ಚರಿಕೆಗೆ ಬೆಲೆಯೇ ಇಲ್ಲ. ಆ 12 ಪೌಂಡ್ ಮಗುವಿಗೆ ಬೇಡ. ನನ್ನ ಕೈಲಿದ್ದರೆ ದೊಡ್ಡವರಿಗೂ ಬಡಿಸಲ್ಲ.

ಲೆಕ್ಕಿಗ

ಸ್ವಲ್ಪ ತಡೆಯಿರಿ, ಅಷ್ಟು ಹೆದರಿಸಬೇಡಿ. 2008ರಲ್ಲಿ ನಾರ್ತ್ ಡಕೋಟದಲ್ಲಿ ಸಿಡಿಸಿ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) 700ಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿತ್ತು. ಬೇಟೆಮಾಂಸ ತಿನ್ನುವವರಿಗೂ ತಿನ್ನದವರಿಗೂ ಸರಾಸರಿ ವ್ಯತ್ಯಾಸ ಡೆಸಿಲೀಟರಿಗೆ 0.3 ಮೈಕ್ರೋಗ್ರಾಂ, ಅಷ್ಟೇ. ಯಾರದ್ದೂ 10 ದಾಟಿರಲಿಲ್ಲ. ತಿಂಗಳಿಗೊಮ್ಮೆ ತಿನ್ನುವ ದೊಡ್ಡವರಿಗೆ ಇದು ಆಕಾಶ ಕಳಚಿಬೀಳುವ ವಿಷಯವಲ್ಲ.

ಆದರೆ ಮಗುವಿನ ವಿಷಯದಲ್ಲಿ ಕತ್ತಿಮಸೆ ಹೇಳಿದ್ದು ಸರಿ. ದೊಡ್ಡವರ ಕರುಳು ಸೀಸದ ಹತ್ತರಲ್ಲೊಂದು ಪಾಲು ಹೀರಿದರೆ ಮಕ್ಕಳದ್ದು ಅರ್ಧದವರೆಗೂ ಹೀರಬಲ್ಲದು. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಜಾಸ್ತಿ. 6 ವರ್ಷದೊಳಗಿನವರು ಮತ್ತು ಗರ್ಭಿಣಿಯರು ಸೀಸದ ಗುಂಡಿನ ಮಾಂಸ ತಿನ್ನಬಾರದು ಅಂತ ನಾರ್ತ್ ಡಕೋಟ ಆಗಲೇ ಹೇಳಿತ್ತು.

ಕಾಚಂಪುಳಿ

ಸರಾಸರಿ 0.3 ಅನ್ನುವುದನ್ನು ಹಿಡಿದುಕೊಂಡು ಕೂರಬೇಡಿ. ಚೂರು ಎಲ್ಲ ಪೊಟ್ಟಣದಲ್ಲೂ ಇರಲ್ಲ, ಇದ್ದದ್ದರಲ್ಲಿ ಸಿಕ್ಕಾಪಟ್ಟೆ ಇರಬಹುದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 30 ಜಿಂಕೆಗಳಿಂದ ಬಂದ 234 ಕೈಮಾ ಪೊಟ್ಟಣಗಳ ಎಕ್ಸ್‌ರೇ ತೆಗೆದಿದ್ದರು. ಶೇ. 32ರಲ್ಲಿ ಲೋಹದ ಚೂರು ಸಿಕ್ಕಿತು. ಆ ಮಾಂಸವನ್ನು ಬೇಯಿಸಿ ಹಂದಿಗಳಿಗೆ ತಿನ್ನಿಸಿದಾಗ ಎರಡೇ ದಿನದಲ್ಲಿ ಅವುಗಳ ರಕ್ತದಲ್ಲಿ ಸೀಸ ಏರಿತ್ತು.

ಇನ್ನೊಂದು, ನಮ್ಮ ಅಡುಗೆಗೇ ಸಂಬಂಧಿಸಿದ್ದು. ಬೇಯಿಸಿದರೆ ಸೀಸ ಎಲ್ಲಿಗೂ ಹೋಗಲ್ಲ. ಹುಳಿ ಬಿದ್ದರೆ ಕರಗಿ ಮಾಂಸಕ್ಕೆ, ಸಾರಿಗೆ ಇಳಿಯುತ್ತದೆ. ಸ್ಪೇನಿನಲ್ಲಿ ಸೀಸದ ಚರೆ ಹೊಕ್ಕ ಹಕ್ಕಿಮಾಂಸವನ್ನು ವಿನೆಗರ್‌ನಲ್ಲಿ ಬೇಯಿಸಿ ಇದನ್ನೇ ತೋರಿಸಿದ್ದಾರೆ. ಪಂದಿಕರಿ ಥರ ಕಾಚಂಪುಳಿ ಹಾಕಿ ಮಾಡುವವರು, ಹುಣಸೆ, ಟೊಮೆಟೊ, ಮೊಸರಲ್ಲಿ ರಾತ್ರಿಯಿಡೀ ನೆನೆಸುವವರು ಗಮನಿಸಿ. ಅನುಮಾನದ ಮಾಂಸವಾದರೆ ಹುಳಿ ಬೇಡ, ಮೆಣಸು ಹಾಕಿ ಒಣಗೆ ಹುರಿಯಿರಿ. ಅದು ಅಪಾಯ ಕಡಿಮೆ ಮಾಡುತ್ತದೆ, ಚೂರು ತೆಗೆಯಲ್ಲ.

ಗ್ರೇನ್_ಗಜ

ತಾಮ್ರದ ಬಗ್ಗೆ. ಮೊದಲು ಬಾಕ್ಸ್ ಓದುವುದನ್ನು ಕಲಿಯಿರಿ. "ಕಾಪರ್ ಜಾಕೆಟೆಡ್" ಅಂದರೆ ಹೊರಗೆ ತಾಮ್ರದ ಕೋಟು, ಒಳಗೆ ಸೀಸವೇ. ಎಫ್‌ಎಂಜೆ (ಪೂರ್ತಿ ಕೋಟು ಹಾಕಿದ್ದು), ಸಾಫ್ಟ್ ಪಾಯಿಂಟ್, ಬಾಂಡೆಡ್ (ಕೋಟಿಗೆ ಸೀಸ ಬೆಸೆದದ್ದು) ಎಲ್ಲವೂ ಅದೇ ಜಾತಿ, ಬಾಂಡೆಡ್ ಕಡಿಮೆ ಚೆದುರುತ್ತದೆ ಅಷ್ಟೇ. ನಿಮಗೆ ಬೇಕಾದ್ದು "ಲೆಡ್ ಫ್ರೀ" ಅಥವಾ "ಮಾನೊಲಿಥಿಕ್" (ಒಂದೇ ಲೋಹದ ಇಡೀ ಗುಂಡು): ಬಾರ್ನ್ಸ್ ಟಿಟಿಎಸ್‌ಎಕ್ಸ್, ಹಾರ್ನಡಿ ಸಿಎಕ್ಸ್ ಇಂಥವು. ಮೂತಿಯ ಟೊಳ್ಳು ಹೂವಿನ ಎಸಳಿನಂತೆ ಬಿಚ್ಚಿಕೊಳ್ಳುತ್ತದೆ, ತೂಕ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ಎಸಳು ಮುರಿದರೂ ದೊಡ್ಡ ತುಂಡು, ಕೈಗೆ ಸಿಗುತ್ತದೆ.

ತಾಮ್ರದ ಸಾಂದ್ರತೆ 8.96, ಸೀಸದ್ದು 11.34. ಅದೇ ತೂಕಕ್ಕೆ ತಾಮ್ರದ ಗುಂಡು ಉದ್ದ ಆಗುತ್ತದೆ, ಗುಂಡನ್ನು ತಿರುಗಿಸುವ ನಳಿಗೆಯೊಳಗಿನ ತಿರುಪು ಸಾಲದಿದ್ದರೆ ಓಲಾಡುತ್ತದೆ. ಆದ್ದರಿಂದ ಒಂದು ಮೆಟ್ಟಿಲು ಇಳಿಯಿರಿ, 150ರ ಜಾಗಕ್ಕೆ 130 ಗ್ರೇನ್. ವೇಗವೂ ಸಿಗುತ್ತದೆ. ಅದು ಮುಖ್ಯ, ಯಾಕೆಂದರೆ ತಾಮ್ರ ಗಟ್ಟಿ. ಬಡಿಯುವಾಗ ಸೆಕೆಂಡಿಗೆ ಸುಮಾರು 1800 ಅಡಿಗಿಂತ ಕಡಿಮೆ ಇದ್ದರೆ ಎಷ್ಟೋ ಗುಂಡು ಸರಿಯಾಗಿ ಅರಳುವುದಿಲ್ಲ, ಪೆನ್ಸಿಲ್ ತೂತು ಮಾಡಿ ಆಚೆ ಹೋಗುತ್ತವೆ, ಗಾಯಗೊಂಡ ಪ್ರಾಣಿ ಓಡಿಹೋಗುತ್ತದೆ. "ತಾಮ್ರ ಕೆಲಸ ಮಾಡಲ್ಲ" ಅನ್ನುವವರು ಹೆಚ್ಚಿನಂಶ ಭಾರದ ಗುಂಡು, ಗಿಡ್ಡ ನಳಿಗೆ, ದೂರದ ಈಡು ಮೂರನ್ನೂ ಸೇರಿಸಿದವರು.

ಬದಲಿಸುವ ಮುಂಚೆ ನಳಿಗೆಯ ಒಳಗೆ ಪೂರ್ತಿ ಸ್ವಚ್ಛ ಮಾಡಿಕೊಳ್ಳಿ. ಅಮೋನಿಯಾ ಇರುವ ಕಾಪರ್ ಸಾಲ್ವೆಂಟ್ ಹಾಕಿ, ಬಟ್ಟೆತುಂಡು ನೀಲಿಯಾಗಿ ಬರುವುದು ನಿಲ್ಲುವವರೆಗೆ. ಹಳೇ ಜಾಕೆಟ್ಟಿನ ಪದರ ಉಳಿದರೆ ಗುಂಪು (ಗುರಿಹಲಗೆಯ ಮೇಲೆ ಬಿದ್ದ ತೂತುಗಳು) ಚೆದುರುತ್ತದೆ, ಬೈಗುಳ ಹೊಸ ಗುಂಡಿಗೆ. ನಾಲ್ಕೈದು ಸುಮ್ಮನೆ ಹಾರಿಸಿ, ಆಮೇಲೆ 100 ಗಜದಲ್ಲಿ ಮೂರು ಮೂರರ ಗುಂಪು ನೋಡಿ ಸ್ಕೋಪ್ ತಿರುಗಿಸಿ. ಹಳೇ ಗುಂಡಿಗೆ ಹೊಂದಿಸಿದ್ದ ಝೀರೋ (ಸ್ಕೋಪಿನ ಗುರಿ) ನಂಬಬೇಡಿ.

ಮಿನ್ನೆಸೋಟ_ಮಂಡ್ಯ

ಕೈಮಾ ಬಿಸಾಡ್ತೀನಿ. ಮಗು ಈಗಾಗಲೇ ಎರಡು ಮೂರು ಸಲ ಉಂಡೆಸಾರು ತಿಂದಿದೆ. ಪರೀಕ್ಷೆ ಮಾಡಿಸಬೇಕಾ?

ಲೆಕ್ಕಿಗ

ಮಾಡಿಸಿ, ತಡ ಬೇಡ. ರಕ್ತದಲ್ಲಿ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧಕ್ಕಿಳಿಯುತ್ತದೆ, ಉಳಿದದ್ದರಲ್ಲಿ ಒಂದು ಪಾಲು ಮೂಳೆಗೆ ಸೇರಿ ವರ್ಷಗಟ್ಟಲೆ ಇರುತ್ತದೆ. ತಡವಾಗಿ ಹೋದರೆ ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ. ಮಕ್ಕಳ ಡಾಕ್ಟರಿಗೆ ರಕ್ತನಾಳದಿಂದ ತೆಗೆಯುವ ಪರೀಕ್ಷೆಯೇ ಬೇಕು ಅನ್ನಿ. ಬೆರಳು ಚುಚ್ಚಿದರೆ ಚರ್ಮದ ಮೇಲಿನ ಸೀಸವೂ ಸೇರಿ ತಪ್ಪಾಗಿ ಹೆಚ್ಚು ತೋರಿಸಬಹುದು. 2021ರಿಂದ ಸಿಡಿಸಿಯ ಗುರುತಿನ ಗೆರೆ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ. ಅದಕ್ಕಿಂತ ಮೇಲೆ ಬಂದರೆ ಡಾಕ್ಟರು ಮನೆಯ ಹಳೇ ಬಣ್ಣ, ನಲ್ಲಿನೀರು ಕೂಡ ವಿಚಾರಿಸುತ್ತಾರೆ, ಆಗ ಜಿಂಕೆ ವಿಷಯವನ್ನೂ ಬಾಯಿಬಿಟ್ಟು ಹೇಳಿ, ಅವರಾಗಿ ಕೇಳುವುದು ಅಪರೂಪ.

ಕತ್ತಿಮಸೆ

ಮುಂದಿನ ಸಲ ಕೈಮಾ ಮನೆಯಲ್ಲೇ ಮಾಡಿ, ಹಿಂದೊಡೆಯ ಮಾಂಸ ಮಾತ್ರ ಹಾಕಿ. ತಾಮ್ರಕ್ಕೆ ಬದಲಾದ ಮೇಲೂ ಅಂಗಡಿಗೆ ಕೊಡುವುದಾದರೆ "ನನ್ನದು ಬೇರೆ ಅರೆಯಿರಿ, ಮೊದಲು ಮಷಿನ್ ತೊಳೆಯಿರಿ" ಅನ್ನಿ. ಒಪ್ಪದಿದ್ದರೆ ತೊಡೆ ಬಿಡಿಸಿಕೊಂಡು ಮನೆಗೆ ತನ್ನಿ.