ಆಸ್ಪತ್ರೆಗೆ ಬಂದ ಹಣದ ಲೆಕ್ಕ ಯಾರನ್ನು ಕೇಳಬೇಕು?

ಪ್ರಶ್ನೆ – ಗ್ರಾಮ ಪಂಚಾಯಿತಿ ಸದಸ್ಯೆ, ಹಾವೇರಿ ಜಿಲ್ಲೆ

ಸರ್, ನಮಸ್ಕಾರ್ರಿ. ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯೊಳಗ ನನ್ನ ಹೆಸರೂ ಐತಿ. ಸಭಿ ಅಂತ ಕರದದ್ದು ನನಗ ನೆನಪಿಲ್ಲ. ವರ್ಷಕ್ಕ ಒಂದೆರಡು ಸಲ ನಡಾವಳಿ ಪುಸ್ತಕ ಮನೀಗೆ ಕಳಸ್ತಾರ, ಸಹಿ ಮಾಡ್ರಿ ಅಂತಾರ. ಪೇಷಂಟ್ ಕೂಡೂ ಜಾಗದಾಗ ಫ್ಯಾನ್ ತಿರುಗೂದಿಲ್ಲ, ಬಾಣಂತೇರ ವಾರ್ಡಿನ ಬಾಗಲಕ್ಕ ಒಳಗ ಚಿಲಕ ಇಲ್ಲ. ರೊಕ್ಕ ಎಷ್ಟು ಬಂದೈತಿ ಅಂತ ಕೇಳಿದ್ರ ‘ಖಾತೆದಾಗ ಏನೂ ಇಲ್ರಿ ಮೇಡಂ’ ಅಂದು ಪಾಸ್‌ಬುಕ್ ತೋರಿಸ್ತಾರ. ಖರೇನ ಶಿಲ್ಕು ಸೊನ್ನೆ ಐತಿ. ಹಂಗಾದ್ರ ಲೆಕ್ಕ ಕೇಳೂದು ಯಾರನ್ನ? ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕೇನ್ರಿ?

ಉತ್ತರ – ನಿವೃತ್ತ ಲೆಕ್ಕಪರಿಶೋಧನಾ ಅಧಿಕಾರಿ

ಅಕ್ಕಾವರೇ, ನಮಸ್ಕಾರ. ಪಾಸ್‌ಬುಕ್ಕಿನ ಸೊನ್ನೆಯಿಂದಲೇ ಶುರು ಮಾಡುತ್ತೇನೆ. ಅದನ್ನು ನೋಡಿ ಸುಮ್ಮನಾದ ಸಮಿತಿ ಸದಸ್ಯರು ಬಹಳ ಮಂದಿ ಇದ್ದಾರೆ.

ಕೇಂದ್ರ, ರಾಜ್ಯ ಎರಡೂ ಹಣ ಹಾಕುವ ಕೇಂದ್ರ ಪುರಸ್ಕೃತ ಯೋಜನೆಗಳಿಗೆ 2021ರ ಜುಲೈನಿಂದ ಪದ್ಧತಿ ಬದಲಾಗಿದೆ. ಮೊದಲು ಹಣ ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ, ಅಲ್ಲಿಂದ ಆಸ್ಪತ್ರೆಗೆ ಇಳಿದು ಒಂದೊಂದು ಖಾತೆಯಲ್ಲೂ ತಿಂಗಳುಗಟ್ಟಲೆ ಕೂತಿರುತ್ತಿತ್ತು. ಆಗ ಬಂದ ಪದ್ಧತಿಯಲ್ಲಿ ಯೋಜನೆಗೆ ರಾಜ್ಯಕ್ಕೆಲ್ಲ ಒಂದೇ ಮುಖ್ಯ ಖಾತೆ. ಕೆಳಗಿನ ಸಂಸ್ಥೆಗಳದ್ದು ಶೂನ್ಯ ಶಿಲ್ಕಿನ ಖಾತೆ. ನಿಮ್ಮ ಆಸ್ಪತ್ರೆಗೆ ‘ಇಷ್ಟರ ತನಕ ಖರ್ಚು ಮಾಡಿ’ ಎಂದು ಮಿತಿ ಕೊಡುತ್ತಾರೆ. ಬಿಲ್ ಪಾಸಾದಾಗ ಮೇಲಿನ ಖಾತೆಯಿಂದ ಹಣ ಹೋಗುತ್ತದೆ. ಹಾಗಾಗಿ ಪಾಸ್‌ಬುಕ್ಕಿನಲ್ಲಿ ಸೊನ್ನೆ ಇರುವುದು ನಿಜ, ಅದರಿಂದ ಆಸ್ಪತ್ರೆಗೆ ಅನುದಾನವಿಲ್ಲ ಎಂದು ಮಾತ್ರ ಆಗುವುದಿಲ್ಲ. ‘ಹಣ ಬಂದಿದೆಯಾ’ ಎಂದು ಕೇಳಬೇಡಿ. ‘ಈ ವರ್ಷದ ಲಿಮಿಟ್ ಎಷ್ಟು, ಯಾವ ದಿನಾಂಕದ ಆದೇಶ, ಇವತ್ತಿಗೆ ಎಷ್ಟು ಉಳಿದಿದೆ’ ಎಂದು ಕೇಳಿ. ಕಂಪ್ಯೂಟರ್ ತೆರೆದರೆ ಉತ್ತರ ಅಲ್ಲೇ ಇರುತ್ತದೆ.

ಈ ಹಣ ರಾಷ್ಟ್ರೀಯ ಆರೋಗ್ಯ ಅಭಿಯಾನದ್ದು. ಕೇಂದ್ರದ್ದು 60 ಪಾಲು, ಕರ್ನಾಟಕದ್ದು 40. ಅಭಿಯಾನದ ಮಾರ್ಗಸೂಚಿಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೆ 1.75 ಲಕ್ಷ ರೂಪಾಯಿವರೆಗೆ ಅನ್‌ಟೈಡ್ ಅನುದಾನ ಎಂದಿದೆ. ಹಿಂದೆ ಅನ್‌ಟೈಡ್ 25 ಸಾವಿರ, ವಾರ್ಷಿಕ ನಿರ್ವಹಣೆ 50 ಸಾವಿರ, ಸಮಿತಿಗೆ 1 ಲಕ್ಷ ಎಂದು ಬೇರೆ ಬೇರೆಯಾಗಿದ್ದುದನ್ನು ಆಮೇಲೆ ಕೂಡಿಸಿದರು. ಹೋದ ವರ್ಷದ ಖರ್ಚು ನೋಡಿ ಕಡಿಮೆ ಕೊಡುವುದೂ ಉಂಟು. ಇದನ್ನು ಯಾವುದಕ್ಕೆ ಬಳಸಬೇಕೆಂದು ಮೇಲಿನವರು ಕಟ್ಟಿಹಾಕಿಲ್ಲ, ಸ್ಥಳೀಯ ಅಗತ್ಯ ನೋಡಿ ಸಮಿತಿಯೇ ತೀರ್ಮಾನಿಸಲಿ ಎಂದು ಬಿಟ್ಟಿದ್ದಾರೆ. ನಿಮ್ಮ ಫ್ಯಾನು, ಬಾಣಂತಿಯರ ಬಾಗಿಲಿನ ಚಿಲಕ, ಎರಡೂ ಇದರಲ್ಲೇ ಆಗುವ ಕೆಲಸ. ತೀರ್ಮಾನಿಸಬೇಕಾದವರಲ್ಲಿ ನೀವೂ ಒಬ್ಬರು.

ಆದ್ದರಿಂದ ಮಾಹಿತಿ ಹಕ್ಕಿನ ಅರ್ಜಿ ನಿಮಗೆ ಕೊನೆಯ ದಾರಿಯಾಗಲಿ. ಸಮಿತಿಯ ಸದಸ್ಯರಾಗಿ ಕ್ಯಾಶ್ ಬುಕ್, ವೋಚರ್ ಫೈಲು, ದಾಸ್ತಾನು ಪುಸ್ತಕ ನೋಡುವುದಕ್ಕೆ ನೀವು ಅರ್ಜಿ ಹಾಕಬೇಕಾಗಿಲ್ಲ. ವೈದ್ಯಾಧಿಕಾರಿ ಸಮಿತಿಯ ಸದಸ್ಯ ಕಾರ್ಯದರ್ಶಿ. ಸಭೆ ಕರೆಯಿರಿ ಎಂದು ಅವರಿಗೆ ಒಂದು ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಮತ್ತೆ ಪುಸ್ತಕ ಮನೆಗೆ ಬಂದರೆ ಸಹಿ ಮಾಡದೆ ವಾಪಸು ಕಳಿಸಿ. ನಡೆಯದ ಸಭೆಯ ನಡಾವಳಿಗೆ ಸಹಿ ಮಾಡಿದವರು ನಾಳೆ ಆಡಿಟ್ ಆಕ್ಷೇಪಣೆ ಬಂದಾಗ ‘ನನಗೆ ಗೊತ್ತಿರಲಿಲ್ಲ’ ಎನ್ನಲಾಗದು.

ಮರುಪ್ರಶ್ನೆ – ಅದೇ ಸದಸ್ಯೆ

ಪುಸ್ತಕ ಮುಂದಿಟ್ರೂ ನನಗೇನ್ ತಿಳೀತದ್ರಿ? ನಾ ಏಳನೇತ್ತ ಓದಿದಾಕಿ.

ಉತ್ತರ

ಅಷ್ಟು ಓದು ಧಾರಾಳ ಸಾಕು. ಪ್ರತಿ ಖರ್ಚೂ ಮೂರು ಕಡೆ ಕಾಣಬೇಕು: ಸಮಿತಿಯ ಠರಾವಿನಲ್ಲಿ, ಅಂಗಡಿಯ ಬಿಲ್ಲಿನಲ್ಲಿ, ದಾಸ್ತಾನು ಪುಸ್ತಕದಲ್ಲಿ. ವಸ್ತುವಾದರೆ ನಾಲ್ಕನೆಯದು, ಕಣ್ಣಿಗೆ ಬೀಳಬೇಕು.

ಒಂದು ಕಡೆ ತಪಾಸಣೆಗೆ ಹೋದಾಗ ಬ್ಲೀಚಿಂಗ್ ಪೌಡರಿನ ಬಿಲ್ ನೋಡಿದೆ. ಮಾರ್ಚ್ 30ರ ತಾರೀಖು. ದಾಸ್ತಾನು ಪುಸ್ತಕದಲ್ಲಿ ಅದೇ ದಿನ ಚೀಲಗಳು ‘ಜಮಾ’, ಅದೇ ಸಾಲಿನ ಬಲಗಡೆ ಅಷ್ಟೂ ಚೀಲ ‘ಖರ್ಚು’, ಶಿಲ್ಕು ನಿಲ್. ಯಾವ ಹಳ್ಳಿಗೆ ಕೊಟ್ಟರು, ಯಾರು ಸಹಿ ಹಾಕಿ ತೆಗೆದುಕೊಂಡರು ಎಂಬುದಕ್ಕೆ ಒಂದಕ್ಷರವಿಲ್ಲ. ಮುಂದಿನ ಪುಟದಲ್ಲಿ ಫಿನಾಯಿಲೂ ಹಾಗೇ, ಬೆಡ್‌ಶೀಟೂ ಹಾಗೇ. ಬೆಡ್‌ಶೀಟು ಒಂದೇ ದಿನದಲ್ಲಿ ಖರ್ಚಾಗುವ ವಸ್ತುವಲ್ಲ. ಮಂಚದ ಮೇಲಿರಬೇಕು, ಇಲ್ಲವೇ ಹರಿದದ್ದೆಂದು ಬರೆದು ತೆಗೆದುಹಾಕಿರಬೇಕು. ಇದನ್ನು ಹಿಡಿಯುವುದಕ್ಕೆ ಲೆಕ್ಕಶಾಸ್ತ್ರ ಬೇಡ, ಮನೆ ನಡೆಸಿದವರಿಗೆ ಸಹಜವಾಗಿ ಗೊತ್ತಾಗುತ್ತದೆ.

ತಾರೀಖುಗಳನ್ನೂ ನೋಡಿ. ಇಡೀ ವರ್ಷ ಸುಮ್ಮನಿದ್ದು ಮಾರ್ಚ್ ಕೊನೆಯ ವಾರದಲ್ಲಿ ವೋಚರುಗಳ ಸಾಲೇ ಇದ್ದರೆ, ಆ ಹಣ ರೋಗಿಗೆಂದು ಖರ್ಚಾಗಿಲ್ಲ, ಹಣ ಬಳಕೆ ಪ್ರಮಾಣಪತ್ರ ಕಳಿಸುವುದಕ್ಕಾಗಿ ಖರ್ಚಾಗಿದೆ. ಇದು ಕಳ್ಳತನವೇ ಆಗಬೇಕಿಲ್ಲ, ಆದರೆ ಮೇ ತಿಂಗಳ ಬಿಸಿಲಲ್ಲಿ ಫ್ಯಾನಿಲ್ಲದೆ ಕೂತ ಬಸುರಿಗೆ ಆದ ನಷ್ಟವಂತೂ ನಿಜ.

ಪ್ರತಿಕ್ರಿಯೆ – ಫಾರ್ಮಸಿ ಅಧಿಕಾರಿ, ಕಲಬುರಗಿ ಜಿಲ್ಲೆ

ಸರ್, ತಾವು ಹೇಳಿದ್ದು ಒಪ್ಪುತ್ತೇನೆ. ಆದರೆ ನಮ್ಮ ಕಡೆ ಎರಡು ಆಸ್ಪತ್ರೆಗೆ ನಾನೊಬ್ಬನೇ ಪ್ರಭಾರ. ಬೆಳಿಗ್ಗೆ ಔಷಧಿ ಕೊಡಬೇಕು, ಮಧ್ಯಾಹ್ನ ಅದನ್ನ ಇ-ಔಷಧಕ್ಕೆ, ಅಂದ್ರೆ ಔಷಧಿ ದಾಸ್ತಾನಿನ ಆನ್‌ಲೈನ್ ಲೆಕ್ಕಕ್ಕೆ ಏರಿಸಬೇಕು, ಸರ್ವರ್ ಇರುವುದಿಲ್ಲ. ಬರೆಯದೆ ಉಳಿದದ್ದೆಲ್ಲ ನುಂಗಿದ್ದು ಅಂತ ಜನ ತಿಳಿದರೆ ಹೇಗೆ?

ಉತ್ತರ

ನಿಮ್ಮ ಮಾತು ನ್ಯಾಯವಾದದ್ದು. ನಾನು ನೋಡಿದ ಆಕ್ಷೇಪಣೆಗಳಲ್ಲಿ ಹೆಚ್ಚಿನವು ಕೈ ಸಾಲದೆ ಆದವು. ಗುಮಾಸ್ತರಿಲ್ಲದ ಆಸ್ಪತ್ರೆಯಲ್ಲಿ ನರ್ಸೇ ಕ್ಯಾಶ್ ಬುಕ್ ಬರೆಯುತ್ತಾರೆ. ಆದರೆ ಖಾಲಿ ಹುದ್ದೆಯ ವಿಷಯವನ್ನು ಲೆಕ್ಕಪರಿಶೋಧಕರ ಎದುರು ಬಾಯಲ್ಲಿ ಹೇಳಿದರೆ ಅದು ಅಲ್ಲೇ ಮುಗಿದುಹೋಗುತ್ತದೆ. ಆಕ್ಷೇಪಣೆಗೆ ಉತ್ತರವಾಗಿ ಕಳಿಸುವ ಅನುಪಾಲನಾ ವರದಿಯಲ್ಲಿ ‘ಇಂಥ ಹುದ್ದೆ ಇಂಥ ದಿನದಿಂದ ಖಾಲಿ, ಆದ್ದರಿಂದ ದಾಖಲೆ ಬಾಕಿ’ ಎಂದು ಬರೆಯಿರಿ. ಆಗ ಆ ಆಕ್ಷೇಪಣೆ ನಿಮ್ಮ ಮೇಲಿನ ದೂರಾಗಿ ಉಳಿಯುವುದಿಲ್ಲ, ಇಲಾಖೆ ಉತ್ತರಿಸಬೇಕಾದ ಪ್ರಶ್ನೆಯಾಗುತ್ತದೆ. ಸರ್ವರ್ ಇಲ್ಲದ ದಿನ ಕೈಬರಹದ ಪುಸ್ತಕದಲ್ಲಿ ಅಂದಿನ ವಿತರಣೆಯನ್ನು ಅಂದೇ ಬರೆದಿಡಿ.

ಇನ್ನೊಂದು ಮಾತು. ವಿತರಣೆ ದಾಖಲಾಗದಿದ್ದರೆ ಬಳಕೆ ಕಡಿಮೆ ಎಂದು ಕಾಣುತ್ತದೆ. ಮುಂದಿನ ಇಂಡೆಂಟ್, ಅಂದರೆ ಔಷಧಿಯ ಬೇಡಿಕೆ ಪಟ್ಟಿ, ಆ ಬಳಕೆಯ ಮೇಲೆ ನಿಲ್ಲುತ್ತದೆ. ಬಿಪಿ ಮಾತ್ರೆಯ ಲೆಕ್ಕ ತಪ್ಪಿದರೆ ಮೂರು ತಿಂಗಳ ಮೇಲೆ ಮಾತ್ರೆಯೇ ಬರುವುದಿಲ್ಲ, ಜನ ಹೊರಗಿನ ಅಂಗಡಿಗೆ ಹೋಗುತ್ತಾರೆ.

ಪ್ರಶ್ನೆ – ವಿದ್ಯಾರ್ಥಿ, ಬೆಂಗಳೂರು

ಸರ್, ಇದನ್ನೆಲ್ಲ ನೋಡೋಕೆ ಸರ್ಕಾರದ ಲೆಕ್ಕ ಪರಿಶೋಧಿಸೋ ಸಿಎಜಿ ಇದೆಯಲ್ಲ? ಅವರು ಪ್ರತಿ ಆಸ್ಪತ್ರೆಗೂ ಬರ್ತಾರಾ? ಮತ್ತೆ ಈಗ ಎಲ್ಲಾ ಆನ್‌ಲೈನ್ ಆಗಿರೋದ್ರಿಂದ ಮೋಸ ತಾನಾಗೇ ಕಡಿಮೆ ಆಗಲ್ವಾ?

ಉತ್ತರ

ಬರುವುದಿಲ್ಲಪ್ಪ. ಅಭಿಯಾನದ ಲೆಕ್ಕಕ್ಕೆ ವರ್ಷಕ್ಕೊಮ್ಮೆ ಚಾರ್ಟರ್ಡ್ ಅಕೌಂಟೆಂಟರ ಶಾಸನಬದ್ಧ ಆಡಿಟ್, ನಡುನಡುವೆ, ಖರ್ಚು ನಡೆಯುತ್ತಿರುವಾಗಲೇ ನೋಡುವ ಏಕಕಾಲಿಕ ಆಡಿಟ್ ಇರುತ್ತದೆ. ಸಿಎಜಿ ತಂಡ ಕೆಲವು ಜಿಲ್ಲೆ, ಅದರಲ್ಲಿ ಕೆಲವು ಆಸ್ಪತ್ರೆಗಳನ್ನು ಮಾದರಿಯಾಗಿ ಆರಿಸಿಕೊಳ್ಳುತ್ತದೆ. ರಾಜ್ಯದ ವರದಿ ಸಂವಿಧಾನದ 151ನೇ ವಿಧಿಯಂತೆ ರಾಜ್ಯಪಾಲರಿಗೆ ಹೋಗಿ, ಸದನದಲ್ಲಿ ಮಂಡನೆಯಾಗಿ, ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಬರುತ್ತದೆ. ಖರ್ಚಾಗಿ ವರ್ಷಗಳಾದ ಮೇಲೆ ನಡೆಯುವ ಚರ್ಚೆ ಅದು. ಅಷ್ಟರಲ್ಲಿ ಆ ಆಸ್ಪತ್ರೆಯಲ್ಲಿದ್ದವರು ಎರಡು ವರ್ಗಾವಣೆ ಕಂಡಿರುತ್ತಾರೆ. ಊರಿನ ಸಮಿತಿ ಎಚ್ಚರವಾಗಿರಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಆನ್‌ಲೈನ್ ವಿಷಯ. 2023ರ ಆಗಸ್ಟಿನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಆಯುಷ್ಮಾನ್ ಭಾರತ್ ಕುರಿತ ಸಿಎಜಿ ವರದಿ ಓದು. ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರಿಗೆ ಒಂದೇ ಮೊಬೈಲ್ ಸಂಖ್ಯೆ, ಹತ್ತಕ್ಕೆ ಹತ್ತೂ 9. ಫಲಾನುಭವಿಯನ್ನು ಗುರುತಿಸಲು ಮೊಬೈಲ್ ಸಂಖ್ಯೆಯನ್ನು ಬಳಸುವುದಿಲ್ಲ ಎಂದು ಸರ್ಕಾರ ಉತ್ತರ ಕೊಟ್ಟಿತು, ಅದನ್ನೂ ಹೇಳಬೇಕು. ಆದರೆ ಅದೇ ವರದಿಯಲ್ಲಿ, ಹಿಂದಿನ ಚಿಕಿತ್ಸೆ ವೇಳೆ ಮೃತರೆಂದು ದಾಖಲಾಗಿದ್ದ 3,446 ರೋಗಿಗಳ ಹೆಸರಿನಲ್ಲಿ 6.97 ಕೋಟಿ ರೂಪಾಯಿ ಪಾವತಿಯಾಗಿರುವುದು ಇದೆ. ಸಾವೂ ಅದೇ ಗಣಕದಲ್ಲಿತ್ತು, ಹೊಸ ಬಿಲ್ಲೂ ಅದೇ ಗಣಕದಲ್ಲಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವವರಿರಲಿಲ್ಲ.

ನಮ್ಮ ಹಳ್ಳಿ ಆಸ್ಪತ್ರೆಯಲ್ಲೂ ಹೀಗೆ ಅಕ್ಕಪಕ್ಕ ಇಟ್ಟು ನೋಡಬಹುದು. ಪ್ರತಿ ತಿಂಗಳೂ ಎಚ್‌ಎಂಐಎಸ್ ಎಂಬ ಆರೋಗ್ಯ ಮಾಹಿತಿ ವ್ಯವಸ್ಥೆಗೆ ಹೆರಿಗೆ, ಲಸಿಕೆ, ಹೊರರೋಗಿಗಳ ಸಂಖ್ಯೆ ಏರಿಸುತ್ತಾರೆ. ಆ ತಿಂಗಳ ಹೆರಿಗೆ ಕೋಣೆಯ ರಿಜಿಸ್ಟರು, ಎಚ್‌ಎಂಐಎಸ್ ಸಂಖ್ಯೆ, ಜನನಿ ಸುರಕ್ಷಾ ಎಂಬ ಹೆರಿಗೆ ಸಹಾಯಧನ ಹೋದ ತಾಯಂದಿರ ಪಟ್ಟಿ, ಮೂರನ್ನೂ ಸಮಿತಿಯವರು ತರಿಸಿ ನೋಡಬೇಕು. ಮೂರೂ ಒಂದೇ ಆಗುವುದಿಲ್ಲ, ಏಕೆಂದರೆ ಜನನಿ ಸುರಕ್ಷಾ ಎಲ್ಲರಿಗೂ ಸಿಗುವುದಿಲ್ಲ. ಆದರೆ ರಿಜಿಸ್ಟರಿಗಿಂತ ಎಚ್‌ಎಂಐಎಸ್ ಹೆರಿಗೆ ಹೆಚ್ಚಿದ್ದರೆ, ಪಟ್ಟಿಯಲ್ಲಿದ್ದವರ ಹೆಸರು ಯಾವ ಹೆರಿಗೆ ರಿಜಿಸ್ಟರಿನಲ್ಲೂ ಇರದಿದ್ದರೆ, ವಿವರಣೆ ಬೇಕೇ ಬೇಕು. ಹೆರಿಗೆ ಎಷ್ಟಾಗುತ್ತದೆ ಎಂಬುದನ್ನು ನೋಡಿಯೇ ನರ್ಸ್‌ಗಳನ್ನು ಕೊಡುವುದು. ಸಂಖ್ಯೆ ಸುಳ್ಳಾದರೆ ರಾತ್ರಿ ಪಾಳಿಯ ನರ್ಸ್ ಇರಬೇಕಾದ ಕಡೆ ಇರುವುದಿಲ್ಲ.

ನೀನು ಹೊರಗಿನವನಾದ್ದರಿಂದ ಮಾಹಿತಿ ಹಕ್ಕಿನ ದಾರಿ ಹಿಡಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ‘ಎಲ್ಲಾ ಖರ್ಚಿನ ವಿವರ ಕೊಡಿ’ ಎಂದರೆ ಏನೂ ಸಿಗದು. ‘ಇಂಥ ಆರ್ಥಿಕ ವರ್ಷದ ಆರೋಗ್ಯ ರಕ್ಷಾ ಸಮಿತಿಯ ಕ್ಯಾಶ್ ಬುಕ್ ಪುಟಗಳ ದೃಢೀಕೃತ ನಕಲು’ ಎಂದು ದಾಖಲೆಯ ಹೆಸರು ಹೇಳಿ ಕೇಳು. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ. ರೋಗಿಗಳ ಹೆಸರು, ಕಾಯಿಲೆ ಕೇಳಬೇಡ, ಕೇಳುವುದು ಸರಿಯೂ ಅಲ್ಲ. ನಿನಗೆ ಬೇಕಾದ್ದು ಸಂಖ್ಯೆ.

ಪ್ರಶ್ನೆ – ಆಶಾ ಕಾರ್ಯಕರ್ತೆ (ಊರು ಹೇಳಲು ಇಷ್ಟವಿಲ್ಲ)

ಸರ್, ನಮ್ಮ ಗ್ರಾಮ ಆರೋಗ್ಯ, ನೈರ್ಮಲ್ಯ ಸಮಿತಿಗೆ ವರ್ಷಕ್ಕೆ 10 ಸಾವಿರ ಬರುತ್ತೆ. ಖಾತೆಗೆ ನನ್ನದು ಮತ್ತು ಪಂಚಾಯಿತಿ ಸದಸ್ಯರದು ಜಂಟಿ ಸಹಿ. ಅವರ ಮನೆಯವರು ಬಂದು ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡು, ಬಿಲ್ ಆಮೇಲೆ ಕೊಡ್ತೀವಿ ಅಂತಾರೆ. ಊರಲ್ಲಿ ಅವರನ್ನ ಎದುರು ಹಾಕ್ಕೊಂಡು ನಾನು ಕೆಲಸ ಮಾಡೋದು ಹೇಗೆ?

ಉತ್ತರ

ಅಮ್ಮಾ, ಖಾಲಿ ಚೆಕ್ಕಿಗೆ ಸಹಿ ಖಂಡಿತ ಬೇಡ. ಆಡಿಟ್‌ನಲ್ಲಿ ಸಿಕ್ಕಿಕೊಳ್ಳುವುದು ಸಹಿ ಹಾಕಿದವರು, ಹಾಕಿಸಿದವರಲ್ಲ. ನೀವೊಬ್ಬರೇ ಎದುರು ನಿಂತು ಬೇಡವೆನ್ನುವುದು ಕಷ್ಟ, ಅದು ನನಗೂ ಗೊತ್ತು. ‘ಠರಾವಿನ ನಂಬರು, ಅಂಗಡಿ ಹೆಸರು, ಮೊತ್ತ ಬರೆಯದ ಚೆಕ್ಕಿಗೆ ಸಹಿ ಮಾಡಬೇಡಿ ಅಂತ ಮೇಲಿಂದ ಹೇಳಿದ್ದಾರೆ’ ಎನ್ನಿ. ಅದು ಸುಳ್ಳಾಗದಂತೆ ನಾಳೆಯೇ ನಿಮ್ಮ ಆಶಾ ಮೇಲ್ವಿಚಾರಕಿ ಮತ್ತು ವೈದ್ಯಾಧಿಕಾರಿಗೆ ಹೇಳಿ, ಆ ಸೂಚನೆಯನ್ನು ತಾಲೂಕು ಆರೋಗ್ಯಾಧಿಕಾರಿಯಿಂದ ಎಲ್ಲ ಸಮಿತಿಗಳಿಗೂ ಲಿಖಿತವಾಗಿ ಹೊರಡಿಸುವಂತೆ ಕೇಳಿ. ಎಲ್ಲರಿಗೂ ಬಂದ ಪತ್ರವಾದರೆ ನಿಮ್ಮ ಮೇಲೆ ಯಾರೂ ಹಗೆ ಸಾಧಿಸುವಂತಿಲ್ಲ. ಈಗಾಗಲೇ ಸಹಿ ಹಾಕಿ ಕೊಟ್ಟ ಚೆಕ್ ಇದ್ದರೆ ಅದರ ನಂಬರು ಬರೆದು, ಪಾವತಿ ತಡೆಯುವಂತೆ ಬ್ಯಾಂಕಿಗೆ ಇವತ್ತೇ ಪತ್ರ ಕೊಡಿ. ಚೆಕ್ ಪುಸ್ತಕ ನಿಮ್ಮ ಬಳಿಯೇ ಇರಲಿ.